ಹುಣ್ಣಿದ್ದರೆ ಮಾತ್ರ ಕಾಲುಚೀಲ

ಸ್ಫಾಕ್ಸ್ ಬಂದರಿನ ಸಮಸ್ತ ನಿಂತವರೇ, ನಿಂತು ನಿಂತು ಸೋತವರೇ, ಸೋತ ಮೇಲೂ ಆಸ್ಪತ್ರೆಯ ಸಾಲಿನಲ್ಲಿ ನಿಂತವರೇ! ಮಹಾಸಭೆ ಆರಂಭವಾಗಿದೆ. ದಯವಿಟ್ಟು ಕುಳಿತು, ಕಾಲನ್ನು ದಿಂಬಿನ ಮೇಲಿಟ್ಟು ಆಲಿಸಿ. ಕಾಲುಚೀಲ ಮಂಜೂರು ಮಾಡುವ ಆರೋಗ್ಯಾಧಿಕಾರಿಗಳಿಗೆ ನನ್ನದೊಂದು ಅಹವಾಲಿದೆ.

ಮಾನ್ಯರೇ, ಹುಣ್ಣು ವಾಸಿಯಾದವರಿಗೆ ಬಿಗಿ ಕಾಲುಚೀಲ ಇಲ್ಲವೆಂಬ ನಿಮ್ಮ ನಿಯಮ ನನ್ನ ಹೆಂಡತಿಯ ಕಾಲನ್ನು ಮೂರನೇ ಸಲ ಒಡೆಯಲಿದೆ.

ಅವಳು, ನನ್ನ ಮೊಂಜಿಯಾ, ಮೀನು ಡಬ್ಬಿಯ ಕಾರ್ಖಾನೆಯಲ್ಲಿ ನಿಂತೇ ಸಾರ್ಡೀನ್ ಸೀಳಿದವಳು. ಪಾದದ ಗಂಟಿನ ಮೇಲೆದ್ದ ಮೊದಲ ಹುಣ್ಣು ವಾಸಿಯಾದಾಗ ನಮ್ಮವರು ಸುಮ್ಮನಿರುತ್ತಾರೆಯೇ? ಕಾಯಿಲೆಯಿಂದ ಎದ್ದವರನ್ನು ಹಮ್ಮಾಮಿಗೆ, ಊರಿನ ಹಬೆ ಸ್ನಾನದ ಮನೆಗೆ, ಕರೆದೊಯ್ಯಬೇಕಲ್ಲ! ನನ್ನಕ್ಕ ದೂಜಾ ಬಾಗಿಲಲ್ಲೇ ಅವಳ ಕಾಲುಚೀಲ ಕಿತ್ತೆಸೆದಳು.

"ಬಿಸಾಡೇ ಆ ಬೆಂಡೇಜು ಸಂಬಂಧಾನ! ವಾಸಿಯಾದ ಕಾಲಿಗೂ ಜೈಲೇ?"

"ಅತ್ತಿಗೆ, ತೆಗೀಬೇಡ ಅಂದಿದಾರೆ ನರ್ಸು..."

"ನರ್ಸು ಬಂದು ಬೆನ್ನು ಉಜ್ಜುತಾಳಾ? ಕೂತ್ಕೋ!"

ಬಿಸಿ ಹಬೆಯಲ್ಲಿ ಮಧ್ಯಾಹ್ನವೆಲ್ಲ ಕೂತಳು. ಆಮೇಲೆ ವಾರಕ್ಕೊಮ್ಮೆ ಹಬೆ, ಕಾಲುಚೀಲ ಮೂಲೆಗೆ. ಚಳಿಗಾಲಕ್ಕೆ ಮುಂಚೆಯೇ ಅದೇ ಜಾಗ ಮತ್ತೆ ಬಿರಿಯಿತು. ಮುಚ್ಚುವಷ್ಟರಲ್ಲಿ ಮುಂದಿನ ಚಳಿಗಾಲ ಬಂತು. ಆ ವಾಸನೆ, ಆ ನರಳಾಟ, ನೆಂಟರ ಮುಂದೆ ಅವಳು ಕಾಲು ಮುದುರುತ್ತಿದ್ದ ರೀತಿ ನಾನು ಬಲ್ಲೆ.

ಈಗ ನಮಗೆ ಬುದ್ಧಿ ಬಂದಿದೆ, ಮಾನ್ಯರೇ. ಮುಚ್ಚಿದ್ದು ಚರ್ಮ ಮಾತ್ರ. ಒಳಗಿನ ರಕ್ತನಾಳದ ಕವಾಟ ಕೆಟ್ಟೇ ಇದೆ, ರಕ್ತ ಕೆಳಗೇ ನಿಲ್ಲುತ್ತದೆ. ಬೆಳಿಗ್ಗೆ ಎದ್ದೊಡನೆ ಬಿಗಿ ಕಾಲುಚೀಲ, ದಿನವೂ ನಡಿಗೆ, ಚರ್ಮಕ್ಕೆ ಮುಲಾಮು, ಕೂತಾಗ ಕಾಲು ಮೇಲಕ್ಕೆ. ಎಲ್ಲವನ್ನೂ ಅವಳು ಪಾಲಿಸುತ್ತಿದ್ದಾಳೆ. ಆದರೆ ಕಾಲುಚೀಲ ಸಡಿಲಾಗಿ ಜಾರುತ್ತಿದೆ. ಹೊಸತಕ್ಕೆ ನಿಮ್ಮ ಆಸ್ಪತ್ರೆಯ ಕಿಟಕಿಗೆ ಹೋದೆವು. ಒಳಗಿದ್ದ ಗುಮಾಸ್ತ ಕೇಳಿದ:

"ಹುಣ್ಣು ಎಲ್ಲಿ ಚಿಕ್ಕಮ್ಮಾ?"

"ಮನೇಲಿ ಬಿಟ್ಟು ಬಂದಿದೀನಿ ಮಗಾ, ಅದಕ್ಕೆ ಬಿಸಿಲು ಆಗಲ್ಲ."

"ತಮಾಷೆ ಬೇಡ. ಹುಣ್ಣಾದ ಮೇಲೆ ಬನ್ನಿ."

ಗಾಯ ಮಾಯ, ಸಹಾಯವೂ ಮಾಯ! ಮುಳುಗಿದ ಮೇಲೆ ಮಾತ್ರ ದೋಣಿ ಕೊಡುವ ಬಂದರನ್ನು ನೀವು ಕಂಡಿದ್ದೀರಾ? ಒಂದು ಜೊತೆ ಕಾಲುಚೀಲ ಉಳಿಸಿ ಒಂದು ವರ್ಷದ ಬ್ಯಾಂಡೇಜು ಸುತ್ತುವುದಕ್ಕೆ ನಿಮ್ಮ ಇಲಾಖೆಯಲ್ಲಿ ಮಿತವ್ಯಯ ಎನ್ನುತ್ತಾರೆಯೇ? ವಾಸಿಯಾದದ್ದು ಅವಳ ಅಪರಾಧವೇ?

ಆದ್ದರಿಂದ ಆಗ್ರಹಿಸುತ್ತೇನೆ: ಹುಣ್ಣು ವಾಸಿಯಾದ ಪ್ರತಿಯೊಬ್ಬರಿಗೂ ಕಾಲಿನ ಅಳತೆ ತೆಗೆದು, ಆರು ತಿಂಗಳಿಗೊಮ್ಮೆ ಹೊಸ ಕಾಲುಚೀಲ ಕೊಡಿ. ಕೊಡುವಾಗ ಕಾಲನ್ನೊಮ್ಮೆ ಪರೀಕ್ಷಿಸಿ. ಹಮ್ಮಾಮಿಗೆ ಕರೆಯುವ ಅತ್ತಿಗೆಯರಿಗೂ ನಾಲ್ಕು ಮಾತು ಹೇಳಿ. ಸಮಸ್ತ ಪ್ರಜೆಗಳ ಪರವಾಗಿ...

ಇಲ್ಲ. ಪ್ರಜೆಗಳೂ ಇಲ್ಲ, ಸಭೆಯೂ ಇಲ್ಲ. ಅಡುಗೆಮನೆಯ ಮೇಜಿನ ಮುಂದೆ ನಾನೊಬ್ಬನೇ ಕೂತು ಬರೆಯುತ್ತಿದ್ದೇನೆ. ಪಾದದ ಗಂಟಿನ ಮೇಲೆ ಚರ್ಮ ಕಂದುಬಣ್ಣಕ್ಕೆ ತಿರುಗಿ ತುರಿಸುತ್ತಿದೆ ಎಂದು ಮೊಂಜಿಯಾ ಹೋದ ವಾರ ಅಂದಿದ್ದಳು. ನಿನ್ನೆಯಿಂದ ಕಾಲು ತೋರಿಸುತ್ತಿಲ್ಲ. ತೋರಿಸು ಎನ್ನಲು ನನಗೆ ಭಯ.

ಇಂತಿ,
ಹುಣ್ಣಿಲ್ಲವೆಂದು ನೀವು ವಾಪಸು ಕಳಿಸಿದ ಮೊಂಜಿಯಾಳ ಗಂಡ,
ಹೇದಿ