ಗಿಡ್ಡ ಪರದೆಯ ಕೆಳಗೆ ಕಂಡ ಪಾದಗಳು

ಹದಿನೆಂಟನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ತಂಗಿ ಮಾಡುವ ನಮಸ್ಕಾರ.

ಗಂಟಲಿನ ಗಾಯ ಒಣಗಿತೇ? ದಿಂಬು ಎತ್ತರಕ್ಕೆ ಇಟ್ಟುಕೊಂಡು ಮಲಗುತ್ತೀ ತಾನೇ? ನೀರು ಕುಡಿಯುವಾಗ ಆತುರಪಡಬೇಡ. ಕಾಗದ ತಡವಾಯಿತು, ಸಿಟ್ಟಾಗಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರಹ ನೋಡಿ ನಿನ್ನ ಅಳಿಯ ನಕ್ಕಾನು ಎಂಬ ಭಯ ಒಂದು ಕಡೆ, ಬರೆಯದಿದ್ದರೆ ನಾನು ಸತ್ತೇ ಹೋದೆ ಎಂದು ನೀನು ತಿಳಿದೀಯೆ ಎಂಬ ಭಯ ಇನ್ನೊಂದು ಕಡೆ. ಫೋನಾದರೆ ನಾನೊಬ್ಬಳೇ ಒದರಬೇಕು. ಡಾಕ್ಟರು ನಿನ್ನ ದನಿಪೆಟ್ಟಿಗೆಯನ್ನೇ ತೆಗೆದಿದ್ದಾರೆಂದು ಗೊತ್ತಿದ್ದೂ, ಆ ಕಡೆಯಿಂದ ನೀನು ಏನಾದರೂ ಅಂದೀಯೆ ಎಂದು ಕಿವಿಗೊಟ್ಟು ಕೂತಿರುತ್ತೇನೆ. ಅದಕ್ಕಿಂತ ಕಾಗದವೇ ವಾಸಿ.

ನಮ್ಮ ಬೊಂಬೆಯಾಟ ನಿಂತಿಲ್ಲ ಅಕ್ಕ. ನೀನು ಮಗಳ ಮನೆಗೆ ಹೋದಮೇಲೆ ನಾನೂ ನಮ್ಮ ಬಡಗಿ ಮೊಳೆಯೂ ಸೇರಿ ಒಂದು ಹೊಸ ಕಥೆ ಕಟ್ಟಿದೆವು. ಹುಡುಗ ಇನ್ನೂ ಆ ಅಡ್ಡಹೆಸರಿಗೆ ತಕ್ಕ ಹಾಗೇ ಇದ್ದಾನೆ, ಉದ್ದಕ್ಕೆ, ತೆಳ್ಳಗೆ, ತಲೆ ಮಾತ್ರ ಅಗಲ. ಕಥೆ ಇಷ್ಟೇ: ಅಜ್ಜಿಯ ಕೊಡೆಯನ್ನು ಗಾಳಿ ಹಾರಿಸಿಕೊಂಡು ಹೋಗಿ ಮರದ ತುದಿಗೆ ಸಿಕ್ಕಿಸುತ್ತದೆ, ಮೊಮ್ಮಗಳು ಹತ್ತಿ ತರುತ್ತಾಳೆ. ಅಜ್ಜಿ ಬೊಂಬೆ ನಿನ್ನದೇ. ಅದಕ್ಕೆ ನಿನ್ನ ದನಿಯನ್ನು ನಾನೇ ಅನುಕರಿಸಿದೆ. ಗ್ರಂಥಾಲಯದ ಮೇಡಂ ಮಕ್ಕಳ ಕೋಣೆಯಲ್ಲಿ ಜಾಗ ಕೊಟ್ಟು, “ಮೂರು ಸಲ ಆಡಿ ತೋರಿಸಿ, ಮಕ್ಕಳು ಒಪ್ಪಿದರೆ ಪ್ರತಿ ಶನಿವಾರವೂ ನಿಮ್ಮದೇ” ಅಂದರು. ಒಪ್ಪದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ವಾರವಿಡೀ ನಿದ್ದೆ ಕೆಟ್ಟಿತು.

ಈಗ ಒಂದು ವಿಷಯ ಹೇಳುತ್ತೇನೆ, ಪೂರ್ತಿ ಓದುವ ತನಕ ಬೈಯಬೇಡ. ನಿನ್ನ ಕಪ್ಪು ಪರದೆ ಮುಗ್ಗಲು ವಾಸನೆ ಬರುತ್ತಿತ್ತೆಂದು ಬಿಸಿನೀರಿಗೆ ಹಾಕಿಬಿಟ್ಟೆ. ಒಂದು ಗೇಣು ಕುಗ್ಗಿತು. ಅದನ್ನು ಕಟ್ಟಿ ಹಿಂದೆ ಕೂತರೆ ನೆಲದ ಹತ್ತಿರ ಸಂದಿ, ಅದರೊಳಗೆ ಮುಂದಿನ ಸಾಲಿನ ಬೆಂಚಿನಲ್ಲಿ ಕೂತ ಮಕ್ಕಳ ಪಾದಗಳು. ಇಷ್ಟು ವರ್ಷ ನಮಗೆ ನಗು ಕೇಳಿಸುತ್ತಿತ್ತು, ಚಪ್ಪಾಳೆ ಕೇಳಿಸುತ್ತಿತ್ತು. ಆದರೆ ನಗುವುದನ್ನೂ ಮಕ್ಕಳಿಗೆ ದೊಡ್ಡವರು ಕಲಿಸಿಕೊಟ್ಟಿರುತ್ತಾರೆ ಅಕ್ಕ. ಪಾದಗಳಿಗೆ ಯಾರೂ ಕಲಿಸಿಲ್ಲ.

ಮೊದಲ ಆಟದಲ್ಲಿ ಅಜ್ಜಿ ಬಾಯಿ ತೆರೆದದ್ದೇ ತಡ, ಪಾದಗಳು ಬೇಸರಕ್ಕೆ ತೂಗಾಡತೊಡಗಿದವು. ಹುಷಾರು, ಆ ಕೊಂಬೆ ಬೇಡ, ಈ ಕೊಂಬೆ ಹಿಡಿ ಎಂದು ಅಜ್ಜಿ ಹೇಳುತ್ತಲೇ ಇದ್ದಳು. ನನಗೆ ಅದೆಲ್ಲ ಬೇಕೆಂದೇ ಅನಿಸಿತ್ತು, ಮರ ಹತ್ತುವ ಹುಡುಗಿಗೆ ಯಾರಾದರೂ ಹೇಳಬೇಡವೇ? ಒಂದು ಚಪ್ಪಲಿ ಹಾರಿ ಪರದೆಯ ಒಳಗೇ ಬಂತು. ಆಟ ಮುಗಿದಮೇಲೆ ಮೇಡಂ ಮಕ್ಕಳನ್ನು ಕೂರಿಸಿ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎಂದರು. ಆ ಒಂಟಿ ಚಪ್ಪಲಿಯ ಒಡತಿ ಮಾತ್ರ, “ಅಜ್ಜಿ ಸುಮ್ನಿದ್ರೆ ಅವಳೇ ಹತ್ತುತ್ತಾಳೆ” ಅಂದಳು.

ಮೊಳೆ ಬೊಂಬೆ ಮಡಚುತ್ತಾ, “ಅಜ್ಜಿ ಇನ್ನೊಂಚೂರು ಮಾತಾಡಿದ್ರೆ ಕೊಡೆ ತಾನಾಗೇ ಇಳಿದು ಬರ್ತಿತ್ತು, ಚಿಕ್ಕಮ್ಮ” ಅಂದ. ನನಗೆ ಉರಿಯಿತು. ಮಕ್ಕಳಿಗೆ ಏನು ಗೊತ್ತು ಎಂದು ಮನೆ ತನಕ ಗೊಣಗಿಕೊಂಡು ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಅಜ್ಜಿಯನ್ನೇ ತೆಗೆದುಬಿಡಿ ಎಂದು ಮೇಡಂ ಸಲಹೆ ಕೊಟ್ಟರು. ತೆಗೆದೆವು. ಎರಡನೇ ಆಟದಲ್ಲಿ ಪಾದಗಳು ತೂಗಲಿಲ್ಲ, ಬಾಗಿಲ ಕಡೆಗೆ ತಿರುಗಿಕೊಂಡವು. ಅದು ಇನ್ನೂ ಕೆಟ್ಟದ್ದು. ಕೊಡೆ ಇಳಿಸಿ ತಂದಮೇಲೆ ಅದನ್ನು ಯಾರಿಗೆ ಕೊಡುತ್ತಾಳೆ ಎಂದು ಅದೇ ಹುಡುಗಿ ಕೇಳಿದಳು. ಆ ಪ್ರಶ್ನೆಯನ್ನು ಬುತ್ತಿಯ ಹಾಗೆ ಕಟ್ಟಿಕೊಂಡು ಮನೆಗೆ ಬಂದೆ.

ಮೂರನೇ ಆಟಕ್ಕೆ ಅಜ್ಜಿಯನ್ನು ಮತ್ತೆ ಕರೆತಂದೆ, ಮಾತನ್ನು ಕರೆತರಲಿಲ್ಲ. ಅವಳು ಎರಡೂ ಕೈ ಚಾಚಿ ಮೇಲೆ ನೋಡುತ್ತಾ ಮರದ ಬುಡದಲ್ಲಿ ನಿಲ್ಲುತ್ತಾಳೆ, ಅಷ್ಟೇ. ಹುಡುಗಿಯ ಕಾಲು ಜಾರಿದಾಗ ಅಜ್ಜಿಯ ಕತ್ತು ಒಂಚೂರು ವಾಲುತ್ತದೆ. ಅಕ್ಕ, ಒಂದು ಪಾದವೂ ಅಲುಗಲಿಲ್ಲ. ಒಂದು ಜೊತೆ ಪಾದವಂತೂ ಬೆರಳ ತುದಿಯ ಮೇಲೆ ಎದ್ದು ನಿಂತಿತ್ತು. ಕೊಡೆ ಅಜ್ಜಿಯ ಕೈಗೆ ಬಂದಾಗ ಚಪ್ಪಾಳೆ ತಡವಾಗಿ ಬಿತ್ತು. ಆ ತಡದಲ್ಲೇ ನನಗೆ ಗೊತ್ತಾಯಿತು, ಇದು ಸರಿ ಹೋಯಿತು. ಇದನ್ನು ಹೇಳಲು ನನಗೆ ಹೆದರಿಕೆ ಇಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಮನೆಗೆ ವಾಪಸು ಹೋಗುವವಳು ನಾನು, ಆದರೆ ಈ ಆಟದ ಬಗ್ಗೆ ಹಿಂತಿರುಗಿ ನೋಡುವುದಿಲ್ಲ. ಶನಿವಾರಗಳು ನಮ್ಮವಾದವು. ಬರುವ ತಿಂಗಳಿಂದ ಶುರು.

ಒಂದೇ ಕೊರತೆ. ಮೊಳೆಯ ಕೈಯಲ್ಲಿ ಮರ, ಗಾಳಿ, ಕೊಡೆ. ನನ್ನ ಒಂದು ಕೈಯಲ್ಲಿ ಹುಡುಗಿ, ಇನ್ನೊಂದರಲ್ಲಿ ಅಜ್ಜಿ. ಹುಡುಗಿಯನ್ನು ಹತ್ತಿಸುವ ಗಡಿಬಿಡಿಯಲ್ಲಿ ಅಜ್ಜಿಯ ಕತ್ತು ತಡವಾಗಿ ವಾಲುತ್ತದೆ. ನೀನು ಕಿರುಬೆರಳು ಮಡಚಿ ವಾಲಿಸುತ್ತಿದ್ದೆಯಲ್ಲ, ಅದು ನನಗೆ ಬರುವುದಿಲ್ಲ. ಮೊಳೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ದೊಡ್ಡಮ್ಮನ್ನ ಕರೀರಿ. ಈ ಅಜ್ಜಿ ಮಾತೇ ಆಡಲ್ಲ, ಇನ್ನು ಅವರದ್ದು ಏನು ನೆಪ?”

ಇನ್ನು ಬೊಂಬೆ ಹಿಡಿಯುವುದಿಲ್ಲ ಎಂದು ನೀನು ಸನ್ನೆ ಮಾಡಿ ಮಗಳ ಕೈಯಲ್ಲಿ ಬರೆಸಿ ಕಳಿಸಿದ್ದೆ. ಓದಿದ್ದೇನೆ, ಒಪ್ಪಿಲ್ಲ. ನಿನ್ನ ಮೇಲೆ ಮರುಕ ತೋರಿಸಲು ಅಜ್ಜಿಯನ್ನು ಮೂಕಿ ಮಾಡಿದೆನೆಂದು ತಿಳಿಯಬೇಡ. ಮಾಡಿಸಿದ್ದು ಆ ಪಾದಗಳು. ಬಂದು ನೀನೇ ನೋಡು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಬೇಡ, ಧೂಳು ಕತ್ತಿನ ಗಾಯಕ್ಕೆ ತಗಲುತ್ತದೆ, ಬಟ್ಟೆ ಸುತ್ತಿಕೋ.

ಮೊಮ್ಮಗುವಿಗೆ ನನ್ನ ಆಶೀರ್ವಾದ, ಹಲ್ಲು ಬೇಗ ಬರಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಂಗಿ

ಮಡಚುವ ಮುಂಚೆ ಇನ್ನೊಂದು ಮಾತು. ಆಪರೇಷನ್ನಿನ ಹಿಂದಿನ ಸಂಜೆ ನೀನು ಒಬ್ಬೊಬ್ಬರನ್ನೇ ಮಂಚದ ಹತ್ತಿರ ಕರೆದು ಕಡೆಯ ಮಾತು ಆಡಿದೆ. ನಿನ್ನ ಮಗಳು ತನ್ನದನ್ನು ಇವತ್ತಿಗೂ ಹೇಳಿಕೊಂಡು ಅಳುತ್ತಾಳೆ. ಮೊಳೆಗೆ, “ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು” ಅಂದೆಯಂತೆ. ನನ್ನ ಸರದಿ ಬಂದಾಗ, “ಪರದೆ ಇಸ್ತ್ರಿ ಮಾಡಿಟ್ಟಿದ್ದೀಯಾ?” ಅಂದೆ. ಅಷ್ಟರಲ್ಲಿ ನರ್ಸ್ ಬಂದಳು. ಹುಟ್ಟಿದಾಗಿನಿಂದ ನಿನ್ನ ಪಕ್ಕದಲ್ಲೇ ಕೂತವಳಿಗೆ ಇಷ್ಟೇನಾ ಎಂದು ನುಂಗಿಕೊಂಡೆ, ಉತ್ತರವನ್ನೂ ಕೊಡಲಿಲ್ಲ. ಈಗ ಪ್ರತಿ ಆಟದ ಬೆಳಿಗ್ಗೆ ನಿನ್ನ ದನಿಯಲ್ಲಿ ಕೇಳಿಸುವುದು ಅದೊಂದೇ ಮಾತು. ಗಿಡ್ಡವಾದರೂ ಸರಿ, ಇಸ್ತ್ರಿ ಮಾಡಿಟ್ಟಿದ್ದೇನೆ ಅಕ್ಕ.