ಸೂಜಿ ಹೊಡೆಯಿತೋ, ಗಂಡ ಹೊಡೆದನೋ?

ಮಾನ್ಯ ಪ್ರಾಂತೀಯ ಆರೋಗ್ಯಾಧಿಕಾರಿಗಳೇ,

ನನ್ನ ಹೆಂಡತಿ ಜುಲೀಖಾಳ ಕಾಲು ಸ್ವಾಧೀನ ತಪ್ಪಿದ್ದು ನಾನು ಹೊಡೆದದ್ದರಿಂದ ಎಂದು ತಮ್ಮ ಕಚೇರಿ ತೀರ್ಮಾನಿಸಿದೆಯಂತೆ. ಅವಳಿಗೆ ಹುಚ್ಚುನಾಯಿ ಕಚ್ಚಿತ್ತು. ತಮ್ಮದೇ ಚಿಕಿತ್ಸಾಲಯದಲ್ಲಿ ಹೊಟ್ಟೆಗೆ ದಿನವೂ ಚುಚ್ಚುಮದ್ದು ಕೊಟ್ಟರು. ಅದು ಮುಗಿಯುವ ಮೊದಲೇ ಸೊಂಟದ ಕೆಳಗೆ ಮರಗಟ್ಟಿತು. ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಮಗೆ ಗೊತ್ತಾಗಿದೆ!

ನಮ್ಮ ಅಲ್ಜೀರಿಯಾದ ಈ ಬಯಲುಸೀಮೆಯಲ್ಲಿ ಸೂಜಿಯನ್ನೂ ‘ಹೊಡೆಯುತ್ತಾರೆ’, ಜಿನ್ ಎಂಬ ಭೂತವೂ ‘ಹೊಡೆಯುತ್ತದೆ’, ಲಕ್ವವೂ ‘ಹೊಡೆಯುತ್ತದೆ’. ನಮ್ಮತ್ತೆ ಯಮೀನಾ ತಮ್ಮ ವೈದ್ಯರೆದುರು ಎದೆ ಬಡಿದುಕೊಂಡು, “ಹೊಡೆತ ಬಿತ್ತಪ್ಪಾ, ನನ್ನ ಮಗಳಿಗೆ ಹೊಡೆತ ಬಿತ್ತು!” ಎಂದರು. ಫ್ರೆಂಚಿನಲ್ಲೇ ಯೋಚಿಸುವ ಆ ಮಹಾಶಯರು ನನ್ನ ಮುಖ ನೋಡಿದರು, ಕೈ ನೋಡಿದರು, ‘ಗಂಡನ ಹೊಡೆತ’ ಎಂದು ಬರೆದರು. ಕಿವಿಯ ತಪ್ಪೆಂದೇ ಒಪ್ಪೋಣ. ಆದರೆ ತಿದ್ದಿರೆಂದು ನಾನು ಅಂಗಲಾಚಿದಾಗ ತಮ್ಮ ಗುಮಾಸ್ತರು, “ಬಿಡೋ ಮಾರಾಯ, ಸೂಜಿಯಿಂದ ಅಂತ ಬರೆದ್ರೆ ನಾಳೆ ಯಾರು ಹಾಕಿಸ್ಕೋತಾರೆ?” ಎಂದರಲ್ಲ, ಆ ಪಾಠ ಹೇಳಿಕೊಟ್ಟವರು ಯಾರು? ತಪ್ಪು ಇಷ್ಟು ಅನುಕೂಲಕರವಾಗಿದ್ದರೆ ನನಗೆ ಅನುಮಾನ ಬರುತ್ತದೆ.

ನಗರದ ನರರೋಗ ತಜ್ಞರು ಮುಚ್ಚುಮರೆಯಿಲ್ಲದೆ ಹೇಳಿದರು. ಇದು ಇಲಿಮರಿಗಳ ಮಿದುಳಿನಿಂದ ತಯಾರಿಸಿದ ಹಳೆಯ ಲಸಿಕೆ. ಸಾವಿರಾರು ಜನರಲ್ಲಿ ಎಲ್ಲೋ ಒಬ್ಬರ ನರಗಳ ಮೇಲೆ ತಿರುಗಿಬೀಳುತ್ತದೆ. ಮಿದುಳಿನಂಶವಿಲ್ಲದ ಲಸಿಕೆ ಹೊರದೇಶಗಳಲ್ಲಿ ಬಂದಿದೆ. ತಮಗಿದು ತಿಳಿಯದೆ? ತಿಳಿದಿದ್ದರೆ ನಮಗೇಕೆ ಹೇಳಲಿಲ್ಲ?

ಕಳೆದ ವಾರ ನೆರೆಮನೆಯ ಬಶೀರನ ಪುಟ್ಟ ಮಗಳು ನವಾರಾಳಿಗೆ ನಾಯಿ ಕಚ್ಚಿತು. ಬಶೀರ ನಮ್ಮ ಮನೆಗೆ ಬಂದು, ಸೂಜಿ ಬೇಡವೆಂದು ಕೂತ. “ಏನೂ ಆಗಲ್ಲ ಅಂತಾರೆ ಕಚೇರಿಯೋರು. ನಿನ್ನ ಹೆಂಡ್ತಿ ಕಣ್ಣೆದುರಿಗೇ ಬಿದ್ದಿದಾಳೆ. ಯಾರನ್ನ ನಂಬ್ಲಿ?” ಎಂದ. ಹಾಸಿಗೆಯಿಂದ ಜುಲೀಖಾ ಕೂಗಿದಳು: “ಲೇ ಬಶೀರಾ, ಆ ಸೂಜಿ ನನ್ನ ಕಾಲು ತಗೊಂಡಿರ್ಬೋದು, ಆದ್ರೆ ನಾಯಿ ವಿಷ ಏರಿದ್ರೆ ಮಗೂನೇ ಇರಲ್ಲ ಕಣೋ. ಎದ್ದೇಳು, ಕರ್ಕೊಂಡು ಹೋಗು!”

ಆದ್ದರಿಂದ ಕೇಳುತ್ತಿದ್ದೇನೆ. ಆ ಸುಳ್ಳನ್ನು ಅಳಿಸಿರಿ. ಹೊಸ ಲಸಿಕೆ ತರಿಸಿರಿ. ಅದು ಬರುವವರೆಗೆ ನಮ್ಮ ಸಂತೆಗೆ ಬಂದು ಎರಡೂ ನಿಜ ಹೇಳಿರಿ: ಸೂಜಿ ಬೇಕೇಬೇಕು, ಅಪರೂಪಕ್ಕೆ ಹೀಗೂ ಆಗುತ್ತದೆ, ಆದರೆ ತಕ್ಷಣ ಬಂದರೆ ನೋಡಿಕೊಳ್ಳುತ್ತೇವೆ.

ನವಾರಾ ಈಗ ದಿನವೂ ತಮ್ಮ ಬಾಗಿಲಿಗೆ ಬರುತ್ತಿದ್ದಾಳೆ. ಅವಳಪ್ಪ ಅವಳನ್ನು ಕರೆತರುತ್ತಿರುವುದು ತಮ್ಮನ್ನು ನಂಬಿ ಅಲ್ಲ, ಏಳಲಾಗದ ನನ್ನ ಹೆಂಡತಿಯನ್ನು ನಂಬಿ.

ಇಂತಿ,
ಕುರಿಸಂತೆಯಲ್ಲಿ ಈಗ ಯಾರೂ ಸಲಾಂ ಹೇಳದ,
ಜುಲೀಖಾಳ ಗಂಡ ಮೆಸ್ಸಾವೂದ್