ಸಿಕ್ಕವನು ನಾನು, ಸಿಗಬೇಕಾದವನು ನಿಂಗರಾಜು

ಮಾನ್ಯ ಠಾಣಾಧಿಕಾರಿಗಳೇ,

ಕಾಣೆಯಾದ ವ್ಯಕ್ತಿಯೊಬ್ಬನನ್ನು ಹನ್ನೊಂದೇ ದಿನಗಳಲ್ಲಿ ಪತ್ತೆಹಚ್ಚಿ ತಾವು ಕಡತ ಮುಚ್ಚಿದ್ದೀರಿ. ನಾಗರಿಕನಾದ ನಾನು ಎದ್ದು ನಿಂತು ಅಭಿನಂದಿಸುತ್ತಿದ್ದೆ, ಆದರೆ ಅಂಗಾಲು ಊರಲು ಆಗುತ್ತಿಲ್ಲ. ಇನ್ನೊಂದು ಸಣ್ಣ ಲೋಪವೂ ಇದೆ. ತಾವು ಪತ್ತೆಹಚ್ಚಿದ ವ್ಯಕ್ತಿ ನಾನು. ನಾನು ಕಾಣೆಯಾಗಿರಲೇ ಇಲ್ಲ. ಕಾಣೆಯಾದವನು ನನ್ನ ಗೆಳೆಯ ನಿಂಗರಾಜು. ಅವನು ಇನ್ನೂ ಸಿಕ್ಕಿಲ್ಲ.

'ಕಾಣೆ' ಎಂಬುದೂ ತಮ್ಮದೇ ಪದ. ಮುಳ್ಳೂರಿನ ರಸ್ತೆ ಬದಿಯಲ್ಲಿ ಬೋಂಡದಂಗಡಿ ಇಟ್ಟಿರುವ ಗುರುಸಿದ್ದಮ್ಮ ಕಂಡದ್ದು ಬೇರೆ. ಸಂಜೆ ನಾಲ್ಕಕ್ಕೆ ಬಿಳಿ ವ್ಯಾನಿನಿಂದ ನಾಲ್ವರು ಇಳಿದರು. ಒಬ್ಬ ಕಬ್ಬಿಣದ ಸ್ಪ್ಯಾನರಿನಿಂದ ನಿಂಗರಾಜನ ಕಿವಿಯ ಮೇಲೆ ಬಾರಿಸಿದ. ಬಿದ್ದವನ ಬೆರಳುಗಳನ್ನು ಇನ್ನೊಬ್ಬ ಬೂಟಿನಿಂದ ಅರೆದ. ಮೂರನೆಯವನು ಬಾಯಿಗೇ ಒದ್ದ. ಆಮೇಲೆ ಕಾಲು ಹಿಡಿದು ದರದರ ಎಳೆದು ವ್ಯಾನಿಗೆ ತುಂಬಿದರು. ರಸ್ತೆಯಲ್ಲಿ ಉಳಿದದ್ದು ಎರಡು ಹಲ್ಲು ಮತ್ತು ರಕ್ತದಲ್ಲಿ ನೆಂದ ಒಂದು ಚಪ್ಪಲಿ. ಅವನು ಮಾಡಿದ ಅಪರಾಧವನ್ನೂ ನಿವೇದಿಸಿಕೊಳ್ಳುತ್ತೇನೆ: ಹಿಂದಿನ ದಿನ ನಾವಿಬ್ಬರೂ ಸೇರಿ, ಹೊಳೆಯ ಮರಳು ಕದ್ದು ಸಾಗಿಸುತ್ತಿದ್ದ ಟಿಪ್ಪರಿನ ಅಷ್ಟೂ ಚಕ್ರಗಳ ಗಾಳಿ ಬಿಟ್ಟು ಓಡಿಹೋಗಿದ್ದೆವು. ಯೋಜನೆ ನನ್ನದು. ಏಟು ಅವನಿಗೆ ಬಿತ್ತು.

ಗುರುಸಿದ್ದಮ್ಮ ಆ ಚಪ್ಪಲಿ, ಹಲ್ಲುಗಳನ್ನು ಕವರಿನಲ್ಲಿ ಕಟ್ಟಿಕೊಂಡು ಠಾಣೆಗೆ ಬಂದರು. ತಮ್ಮ ಮುಖ್ಯಪೇದೆಯವರು ಮೂಗು ಮುಚ್ಚಿಕೊಂಡು ಕಾನೂನು ಬೋಧಿಸಿದರು: "ಏನಮ್ಮೋ, ಒಡುದ್ರು ಬಡುದ್ರು ಅಂತೆಲ್ಲ ಬರುಸ್ಬುಟ್ರೆ ಕೋರ್ಟಿಗೆ ಅಲೀಬೇಕಾಯ್ತದೆ. ಕಾಣೆ ಅಂತ ಬರ್ಕತೀನಿ, ಸಲೀಸು."

"ಕಾಣೆ ಆಗಾಕೆ ಅವ್ನೇನು ಸೂಜಿಯಾ ಸಾ? ನನ್ ಬಾಣ್ಲಿ ಮುಂದ್ಲೇ ಒಡುದ್ರು ಕಣ್ ಸಾ!"

"ಬಾಣ್ಲಿ ನೋಡ್ಕೊ ಓಗಮ್ಮ, ಎಣ್ಣೆ ಸೀದೋದಾತು."

ಹೀಗೆ ಒಂದು ಅಪಹರಣ ನಾಪತ್ತೆಯಾಯಿತು. ಮಾನ್ಯರೇ, ತಾನಾಗಿಯೇ ಕಾಣೆಯಾಗುವವನು ಹಲ್ಲು ಬಿಟ್ಟು ಹೋಗುತ್ತಾನೆಯೇ?

ಇನ್ನು ತಮ್ಮ ಪ್ರಕಟಣೆಯ ವಿಚಾರ. ನಿಂಗರಾಜನ ತಾಯಿ ಲಕ್ಷ್ಮಿದೇವಿ, ನಾವಿಬ್ಬರೂ ಹೋದ ವರ್ಷ ಮಾದಪ್ಪನ ಬೆಟ್ಟದಲ್ಲಿ ತೆಗೆಸಿಕೊಂಡ ಫೋಟೋ ಕೊಟ್ಟರು. ಗುರುತು ಕೇಳಿದ್ದಕ್ಕೆ, "ಮೊನ್ನೆ ತಾನೆ ಮುಡಿ ಕೊಟ್ಟವ್ನೆ ಸಾ, ತಲೆ ಬೋಳು" ಎಂದರು. ಸತ್ಯವೇ. ಆದರೆ ಫೋಟೋ ಹೋದ ವರ್ಷದ್ದು. ಅದರಲ್ಲಿ ಮುಡಿ ಕೊಟ್ಟಿದ್ದವನು ನಾನು, ಗುಂಗುರು ಕೂದಲಿನವನು ಅವನು. ತಮ್ಮ ಠಾಣೆ ತನಿಖೆಯ ಗಾಂಭೀರ್ಯದಿಂದ ಬೋಳು ತಲೆಯನ್ನು ಕತ್ತರಿಸಿ, ಕೆಳಗೆ ನಿಂಗರಾಜನ ಹೆಸರು ಹಾಕಿ, ಹನೂರು, ಕೊಳ್ಳೇಗಾಲ, ಯಳಂದೂರಿನ ಬಸ್ ನಿಲ್ದಾಣಗಳಲ್ಲೆಲ್ಲ ಅಂಟಿಸಿತು. ನಾನು ಓಡಿಬಂದು ತಪ್ಪು ತೋರಿಸಿದಾಗ ಮುಖ್ಯಪೇದೆಯವರು, "ಅಂಟ್ಸಾಗದೆ ಕಣಯ್ಯಾ. ಮೊಕ ಒಂದು ಬ್ಯಾರೆ, ಎಸ್ರು ಸರ್ಯಾಗದಲ್ಲ?" ಎಂದು ಸಮಾಧಾನಪಡಿಸಿದರು.

ತಾವು ಹುಡುಕುವುದಿಲ್ಲವೆಂದು ಖಾತ್ರಿಯಾದ ಮೇಲೆ ನಾನು ಮಾದಪ್ಪನಿಗೆ ಹರಕೆ ಹೊತ್ತೆ. ನಿಂಗರಾಜು ಸಿಗಲೆಂದು ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟೆ. ಭಕ್ತಿಯ ಫಲ ಕೈಮೇಲೆ: ತಮ್ಮ ಪ್ರಕಟಣೆಯ ಚಿತ್ರಕ್ಕೂ ನನಗೂ ಕೂದಲೆಳೆಯ ವ್ಯತ್ಯಾಸವೂ ಉಳಿಯಲಿಲ್ಲ. ಕೌದಳ್ಳಿ ದಾಟಿ ಬಂದ ಬಸ್ಸಿನಿಂದ ಹನೂರಿನಲ್ಲಿ ಇಳಿದದ್ದೇ ತಡ, ಸಾರ್ವಜನಿಕರು ಗೋಡೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಒಬ್ಬ ತೋಳು ತಿರುಚಿದ. "ಎತ್ತವ್ವುನ್ ಒಟ್ಟೆ ಉರುಸ್ತೀಯೇನ್ಲಾ?" ಎಂದು ಇನ್ನೊಬ್ಬ ಬಿಟ್ಟ ಏಟಿಗೆ ತುಟಿ ಸೀಳಿತು. ಅಂಗಿ ಹರಿದು, ರಕ್ತ ಸೋರುತ್ತಾ ತಮ್ಮ ಸನ್ನಿಧಿಗೆ ಬಂದೆ.

ತಾವೇ ಖುದ್ದಾಗಿ ಕೇಳಿದಿರಿ. "ಫೋಟೋದಲ್ಲಿರೋನು ನೀನೇ ತಾನೆ?"

"ಊಂ ಸಾ. ಆದ್ರೆ ನಿಂಗರಾಜು ನಾನಲ್ಲ."

"ಸಿಕ್ಕಿದ್ದೀಯ ಅಂತ ಸೈನ್ ಹಾಕು."

ಹಾಕಲಿಲ್ಲ. ತಮ್ಮ ಪೇದೆಗಳು ಗೋಡೆಗೆ ಒರಗಿಸಿ ಕಾಲು ಚಾಚಿಸಿದರು. ಅಂಗಾಲಿಗೆ ಲಾಠಿ ಬೀಳುವಾಗ ಮೊದಲ ಏಟು ತಲೆಯಲ್ಲಿ ಕೇಳಿಸುತ್ತದೆ. ಹತ್ತನೆಯದು ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ. ಎಣಿಕೆ ತಪ್ಪಿದ ಮೇಲೆ ನಾನು ಸಿಕ್ಕಿದ್ದೇನೆಂದು ಒಪ್ಪಿದೆ. ಗಾಳಿ ಬಿಟ್ಟವನ ಮೇಲೆ ಇಷ್ಟು ಶ್ರಮ ಪಡಬಲ್ಲ ತಾವು, ಸ್ಪ್ಯಾನರ್ ಹಿಡಿದವನ ಮನೆಯ ಬಾಗಿಲನ್ನಾದರೂ ಒಮ್ಮೆ ತಟ್ಟಿದ್ದೀರಾ?

ಆಮೇಲೆ ತಾವು ಲಕ್ಷ್ಮಿದೇವಿಯವರಿಗೆ ಫೋನು ಮಾಡಿಸಿದಿರಿ: "ನಿನ್ ಮಗ ಸಿಕ್ಕವ್ನೆ, ಬಂದು ಕರ್ಕೊಂಡೋಗು." ಆ ತಾಯಿ ಮಗನ ಒಗೆದ ನೀಲಿ ಅಂಗಿಯನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು ಓಡಿಬಂದರು. ಬೆಂಚಿನ ಮೇಲೆ ನಾನಿದ್ದೆ. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅಂಗಿ ತೆಗೆದು ನನ್ನ ಮೈಮೇಲೆ ಹೊದಿಸಿ, "ಆಕ್ಕೊ ಮಗ, ನೆತ್ರ ಕಾಣ್ತದೆ" ಎಂದರು.

ಆದ್ದರಿಂದ ನನ್ನ ಬೇಡಿಕೆ. ನನ್ನನ್ನು ದಯವಿಟ್ಟು ಮತ್ತೆ ಕಳೆದುಹಾಕಿ. ಮುಚ್ಚಿದ ಕಡತ ತೆರೆಯಿರಿ. ಅಪಹರಣ, ಕೊಲೆಯತ್ನ ಎಂದು ಬರೆದು, ಗುರುಸಿದ್ದಮ್ಮನ ಹೇಳಿಕೆ ಪಡೆಯಿರಿ. ತಮ್ಮವರು ಮುಟ್ಟದೆ ವಾಪಸ್ಸು ಕಳಿಸಿದ ಚಪ್ಪಲಿ, ಹಲ್ಲುಗಳು ಅವರ ಅಂಗಡಿಯಲ್ಲೇ ಇವೆ, ಪರೀಕ್ಷೆಗೆ ಕಳಿಸಿ. ಆ ಟಿಪ್ಪರ್ ಯಾರದೆಂದು ಮುಳ್ಳೂರಿನ ಯಾರನ್ನು ಕೇಳಿದರೂ ಹೇಳುತ್ತಾರೆ; ವ್ಯಾನು ಯಾರದೆಂದು ಟಿಪ್ಪರಿನವನನ್ನು ಕೇಳಿ. ನಿಂಗರಾಜು ಬದುಕಿದ್ದರೆ ಅವನನ್ನು ತನ್ನಿ. ಇಲ್ಲದಿದ್ದರೂ ತನ್ನಿ. ಅವನ ಅಂಗಿ ನನ್ನ ಬಳಿ ಇದೆ, ವಾಪಸ್ಸು ಕೊಡಬೇಕು.

ಇಂತಿ,
ತಮ್ಮ ಕಡತದಲ್ಲಿ ಸುರಕ್ಷಿತವಾಗಿ ಪತ್ತೆಯಾಗಿರುವ,
ಕನ್ನಡಿಯಲ್ಲಿ ಮಾತ್ರ ಇನ್ನೂ ನಾನೇ ಆಗಿರುವ
ಬಿಳಿಗಿರಿ, ಮುಳ್ಳೂರು